ಹಳೆ ಮೋಟರ್‌ಬೋಟಿನ ಡ್ಯಾಶ್‌ಬೋರ್ಡ್: ನೀರು ಇಳಿಯುವುದು ತೂತಿನಿಂದ

ಹಳೆ ಬೋಟಿನ ಡ್ಯಾಶ್‌ಬೋರ್ಡ್ ರಿಪೇರಿಗೆ ಉದಾಹರಣೆಯಾಗಿ 1980ರ ದಶಕದ ಅಮೆರಿಕದ ಬೋಟೊಂದನ್ನು ತೆಗೆದುಕೊಳ್ಳೋಣ. ಫೈಬರ್‌ಗ್ಲಾಸ್ ಒಡಲು, ಒಳಗೆ ಪೆಟ್ರೋಲ್ ಎಂಜಿನ್, ಸ್ಟಿಯರಿಂಗ್ ಮುಂದೆ ವೆನೀರ್ (ತೆಳು ಮರದ ಹಾಳೆ) ಅಂಟಿಸಿದ ಪ್ಲೈವುಡ್ ಪ್ಯಾನೆಲ್. ವಾರ್ನಿಷ್ ಸಿಪ್ಪೆ ಏಳುತ್ತಿದೆ, ಅಲ್ಲಲ್ಲಿ ಕಪ್ಪು ಕಲೆ. ಹೊಸಬರು ಸುಮ್ನೆ ಮುಖ ಉಜ್ಜಿ ಮತ್ತೆ ವಾರ್ನಿಷ್ ಬಳಿಯುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಮುಂದಿನ ವರ್ಷ ಕಲೆ ಅದೇ ಜಾಗದಲ್ಲಿ ಹಾಜರು!

ಕಲೆ ಎಲ್ಲಿ ಶುರುವಾಗಿದೆ ಅಂತ ನೋಡಿ. ಸಾಮಾನ್ಯವಾಗಿ ಮೀಟರ್ ತೂತಿನ ಸುತ್ತ, ಸ್ಕ್ರೂ ಬುಡದಲ್ಲಿ, ಕೆಳ ಅಂಚಿನಲ್ಲಿ. ಪ್ಲೈವುಡ್ಡನ್ನು ಕೊಯ್ದ ಕಡೆ ಮರದ ಎಳೆಗಳ ಬಾಯಿ ತೆರೆದಿರುತ್ತದೆ. ನೀರು ಕುಡಿಯುವುದು ಅಲ್ಲಿಂದ. ಆ ತೇವ ಒಳಗಿನಿಂದ ವಾರ್ನಿಷನ್ನು ಎಬ್ಬಿಸುತ್ತದೆ. ಕಪ್ಪು ಬಣ್ಣ ಬರುವುದು ಮರದ ಒಗರು ಕಬ್ಬಿಣದ ಸ್ಕ್ರೂ ಜೊತೆ ಸೇರಿದಾಗ. ಬಾಳೆಕಾಯಿ ಹೆಚ್ಚಿದರೆ ಈಳಿಗೆ ಕಪ್ಪಾಗುತ್ತದಲ್ವಾ, ಹಾಗೇ. ಆಕ್ಸಾಲಿಕ್ ಆಸಿಡ್ ಈ ಕಲೆಯನ್ನು ತೆಗೆಯುತ್ತದೆ. ಅದು ವಿಷ, ಗ್ಲೌಸ್, ಮಾಸ್ಕ್ ಬೇಕು, ಕೊನೆಗೆ ಚೆನ್ನಾಗಿ ನೀರಿನಲ್ಲಿ ತೊಳೆಯಬೇಕು.

ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹಿಂಬದಿಯ ಫೋಟೋ ಹೊಡೆದು, ಪ್ರತಿ ವೈರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ಹೆಸರು ಬರೆಯಿರಿ. ಅಮೆರಿಕದ ಬೋಟುಗಳಲ್ಲಿ ಸಾಮಾನ್ಯವಾಗಿ ನೇರಳೆ ವೈರು ಇಗ್ನಿಷನ್‌ದು, ಬೂದು ಆರ್‌ಪಿಎಂ ಮೀಟರಿನದು, ಪಿಂಕ್ ಪೆಟ್ರೋಲ್ ಮೀಟರಿನದು. ಆದರೆ ಮೂವತ್ತು ನಲವತ್ತು ವರ್ಷದಲ್ಲಿ ಯಾರ್ಯಾರೋ ಕೈ ಹಾಕಿರುತ್ತಾರೆ. ಬಣ್ಣವನ್ನು ಪೂರ್ತಿ ನಂಬಬೇಡಿ.

ಸ್ಕ್ರೂಡ್ರೈವರ್ ತುದಿಯಿಂದ ಮರ ಚುಚ್ಚಿ ನೋಡಿ. ಮೆತ್ತಗಿದ್ದರೆ ಆ ಪ್ಯಾನೆಲ್ ಕಥೆ ಮುಗಿಯಿತು. ಹಳೆಯದನ್ನೇ ಅಚ್ಚಾಗಿಟ್ಟು 6 ಮಿ.ಮೀ. ಮೆರೈನ್ ಪ್ಲೈ (ಬೋಟಿಗೆಂದೇ ಮಾಡಿದ ಪ್ಲೈವುಡ್) ಕತ್ತರಿಸಿ. ಎರಡರ ಮುಖವೂ ಮೇಲೆ ಬರುವಂತೆ ಇಟ್ಟು ಗೆರೆ ಎಳೆಯಿರಿ, ಇಲ್ಲದಿದ್ದರೆ ಎಡಗಡೆಯ ತೂತು ಬಲಕ್ಕೆ ಹೋಗುತ್ತದೆ. ತೂತಿನ ಅಳತೆಯನ್ನು ಉಬ್ಬಿದ ಹಳೆ ಪ್ಯಾನೆಲ್‌ನಿಂದ ತೆಗೆಯದೆ ಮೀಟರಿನಿಂದ ತೆಗೆಯಿರಿ. ಚಿಕ್ಕ ಮೀಟರುಗಳಿಗೆ ಸಾಮಾನ್ಯವಾಗಿ ಸುಮಾರು 52 ಮಿ.ಮೀ., ದೊಡ್ಡವಕ್ಕೆ ಸುಮಾರು 86.

ಇನ್ನು ಮುಖ್ಯ ಕೆಲಸ. ಎಲ್ಲಾ ತೂತು ಕೊರೆದ ಮೇಲೆಯೇ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಹಚ್ಚಬೇಕು. ಆಮೇಲೆ ಒಂದು ತೂತು ಕೊರೆದರೂ ನೀರಿಗೆ ಹೊಸ ಬಾಗಿಲು ತೆರೆದ ಹಾಗೆ. ತೂತಿನ ಒಳಸುತ್ತು, ಅಂಚು, ಬೆನ್ನು, ಎಲ್ಲಕ್ಕೂ ಎರಡು ಮೂರು ಕೋಟ್. ಸ್ಕ್ರೂ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಚಿಕ್ಕ ತೂತು ಹಾಕಿ. ಆಗ ಸ್ಕ್ರೂ ಮರವನ್ನು ಮುಟ್ಟುವುದೇ ಇಲ್ಲ. ಕೆಲವು ಎಪಾಕ್ಸಿ ಗಟ್ಟಿಯಾದಾಗ ಮೇಲೆ ಮೇಣದಂಥ ಪೊರೆ ಬರುತ್ತದೆ. ಮೊದಲು ನೀರು ಹಾಕಿ ಪಾತ್ರೆ ಉಜ್ಜುವ ಸ್ಕ್ರಬ್ಬರಿನಲ್ಲಿ ತೊಳೆಯಿರಿ, ಆಮೇಲೆ ಸ್ಯಾಂಡ್ ಪೇಪರ್. ಪೊರೆ ಉಳಿದರೆ ವಾರ್ನಿಷ್ ಸರಿಯಾಗಿ ಕೂರುವುದಿಲ್ಲ.

ಎಪಾಕ್ಸಿಗೆ ಬಿಸಿಲು ಆಗದು, ಹಳದಿಯಾಗಿ ಪುಡಿ ಏಳುತ್ತದೆ. ಹಾಗಾಗಿ ಮೇಲೆ ಯುವಿ ತಡೆಯುವ ವಾರ್ನಿಷ್ ಐದಾರು ಕೋಟ್ ಬೇಕೇ ಬೇಕು. ಕೋಟ್‌ಗಳ ನಡುವೆ 320 ನಂಬರ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ. ಕೊನೆಯ ಕೋಟ್ ಮ್ಯಾಟ್ ಇರಲಿ. ಜಾಸ್ತಿ ಹೊಳಪಿದ್ದರೆ ಎದುರಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಪ್ಯಾನೆಲ್ ಅಕ್ರಿಲಿಕ್‌ನದಾಗಿದ್ದರೆ ದಾರಿಯೇ ಬೇರೆ. ಅದನ್ನು ಅಸಿಟೋನ್, ಸ್ಪಿರಿಟ್‌ನಲ್ಲಿ ಒರೆಸಬೇಡಿ, ಸಣ್ಣ ಬಿರುಕು ಬಿಡುತ್ತದೆ. ಸೋಪು ನೀರು ಸಾಕು.

ಜೋಡಿಸಿದ ಮೇಲೆ ಎಂಜಿನ್ ವಿಭಾಗದ ಬ್ಲೋವರ್ (ಆವಿಯನ್ನು ಹೊರಗೆಳೆಯುವ ಫ್ಯಾನ್) ಕನಿಷ್ಠ 4 ನಿಮಿಷ ಓಡಿಸಿ. ಪೆಟ್ರೋಲ್ ಆವಿ ತಳದಲ್ಲಿ ಕೂತಿರುತ್ತದೆ. ಆಮೇಲೆ ಎಂಜಿನ್ ಹಚ್ಚದೆ ಇಗ್ನಿಷನ್ ಮಾತ್ರ ಆನ್ ಮಾಡಿ ಮೀಟರು ನೋಡಿ. ಪೆಟ್ರೋಲ್ ಮುಳ್ಳು ಅಲುಗದಿದ್ದರೆ, ಇಗ್ನಿಷನ್ ಆಫ್ ಮಾಡಿ ಮೀಟರಿನ ಹಿಂದೆ ಪಿಂಕ್ ವೈರ್ ಬಿಚ್ಚಿ, ಆ ಟರ್ಮಿನಲ್ಲನ್ನು ತುಂಡು ವೈರಿನಿಂದ ಗ್ರೌಂಡಿಗೆ (ಬ್ಯಾಟರಿ ನೆಗೆಟಿವ್ ಕಡೆಗೆ) ಸೇರಿಸಿ ಮತ್ತೆ ಆನ್ ಮಾಡಿ. ಅಮೆರಿಕದ ಮೀಟರಾದರೆ ಮುಳ್ಳು ಫುಲ್ ಕಡೆ ಹೋಗಬೇಕು. ಹೋದರೆ ಮೀಟರ್ ಸರಿ ಇದೆ, ದೋಷ ವೈರಿನಲ್ಲೋ ಟ್ಯಾಂಕಿನ ಸೆಂಡರ್‌ನಲ್ಲೋ (ಪೆಟ್ರೋಲ್ ಮಟ್ಟ ಅಳೆದು ಮೀಟರಿಗೆ ತಿಳಿಸುವ ಭಾಗ) ಇದೆ.