ವಿಂಡೋಸನ್ನು ಎತ್ತಿಕೊಂಡು ಹೋಗಬೇಕೋ, ಹೊಸದಾಗಿ ಹಾಕಬೇಕೋ?

ಕಳೆದ ಮಳೆಗಾಲದಲ್ಲಿ ಸಾಗರದ ನಮ್ಮ ಅಂಗಡಿಗೆ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರೊಬ್ಬರು ಸಿಪಿಯು ಹೊತ್ತುಕೊಂಡು ಬಂದರು. ಮಳೆಗೆ ನೆನೆಯದಿರಲಿ ಅಂತ ಎರಡು ಗೊಬ್ಬರದ ಚೀಲ ಸುತ್ತಿದ್ದರು. ಮೇಜಿನ ಮೇಲಿಟ್ಟು ಕರೆಂಟ್ ಕೊಟ್ಟೆ. ವಿಂಡೋಸ್ ಲೋಗೋ ಬಂತು. ಅಲ್ಲೇ ನಿಂತಿತು. ಒಳಗಿಂದ ಆಗಾಗ ಟಕ್ ಅಂತ ಸದ್ದು. ತಕ್ಷಣ ಸ್ವಿಚ್ ಆಫ್ ಮಾಡಿದೆ.

"ಎಂಥಕ್ಕೆ ಆಫ್ ಮಾಡ್ದೆ ಮಾರಾಯಾ? ಸ್ವಲ್ಪ ಹೊತ್ತು ಬಿಟ್ರೆ ಆನ್ ಆಗ್ತದೆ. ನಿನ್ನೆ ಅರ್ಧ ಗಂಟೆ ಕಾದೆ, ಆಯ್ತು" ಅಂದರು.

ಆ ಅರ್ಧ ಗಂಟೆಯೇ ಅಪಾಯ. ಅದು 500 ಜಿಬಿಯ ಹಳೇ ಹಾರ್ಡ್ ಡಿಸ್ಕ್. ಒಳಗೆ ಹೊಳೆಯುವ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ, ಬರೆಯುವ ಹೆಡ್ ಓಡಾಡುತ್ತದೆ. ಓದಲಾಗದ ಜಾಗ ಸಿಕ್ಕಾಗ ಹೆಡ್ ಹಿಂದೆ ಹೋಗಿ ಮತ್ತೆ ಬರುತ್ತದೆ. ಟಕ್ ಅನ್ನುವುದು ಅದೇ. ವಿಂಡೋಸ್ ಆನ್ ಆಗುವಾಗ ಅಂಥ ಡಿಸ್ಕಿನ ಮೇಲೆ ಸಾವಿರಾರು ಸಲ ಓದು, ಬರಹ ನಡೆಯುತ್ತದೆ. ಅದು ಸಾಲದು ಅಂತ ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಚೆಕ್‌ಡಿಸ್ಕ್ ಶುರುವಾದರೆ ಮುಗೀತು. ಜ್ವರ ಬಂದವನನ್ನು ಗುಡ್ಡ ಹತ್ತಿಸಿದ ಹಾಗೆ.

"ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹಾಕಿಕೊಡ್ಲಾ?" ಅಂತ ಕೇಳಿದೆ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್ಪಿನಲ್ಲಿ ಡೇಟಾ ಇಡುವ ಡಿಸ್ಕ್. ಅವರ ಮುಖ ಸಣ್ಣಗಾಯಿತು. ಆ ಮೆಷಿನ್‌ನಲ್ಲಿ ಇದ್ದದ್ದು ವಿಂಡೋಸ್ 7. ಅದರ ಮೇಲೆ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7. ನುಡಿಯ ಹಳೇ ಫಾಂಟುಗಳು. ಹತ್ತು ವರ್ಷಕ್ಕೂ ಹಿಂದಿನ ಲಗ್ನಪತ್ರಿಕೆ, ಗೃಹಪ್ರವೇಶ, ರಶೀದಿ ಪುಸ್ತಕಗಳ ಫೈಲುಗಳು. ಒಂದು ಹಳೇ ಪ್ರಿಂಟರಿನ ಡ್ರೈವರ್. ಸಿಡಿಗಳು ಎಲ್ಲಿ ಅಂದರೆ ಗೊತ್ತಿಲ್ಲ. ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಹೋಗಿ ಎಷ್ಟೋ ಕಾಲವಾಯಿತು.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಕೊನೆಯದು, ಮುಂದಿನದು ಬರಲೇ ಇಲ್ಲ. ಈಗಿನ ಕನ್ನಡ ಫಾಂಟುಗಳು ಬಳಸುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಮ್ಮ ಊರುಗಳ ಪ್ರೆಸ್ಸುಗಳು ಹಳೇ ಫಾಂಟು, ಹಳೇ ವಿಂಡೋಸ್, ಹಳೇ ಮೆಷಿನ್ ಮೂರನ್ನೂ ಒಟ್ಟಿಗೆ ಹಿಡಿದುಕೊಂಡು ಕೂತಿವೆ. ಒಂದನ್ನು ಕದಲಿಸಿದರೆ ಇನ್ನೆರಡು ಬೀಳುತ್ತವೆ.

ವಿಂಡೋಸನ್ನು ಇದ್ದ ಹಾಗೇ ಎತ್ತಿ ಹೊಸ ಡಿಸ್ಕಿಗೆ ಇಡುವುದು, ಅಂದರೆ ಕ್ಲೋನ್ ಮಾಡುವುದು, ಇಂಥ ಕಡೆಗೇ ಸರಿ. ಮತ್ತೆ ಹಾಕಲು ಆಗದ್ದು ಏನಾದರೂ ಆ ಮೆಷಿನ್‌ನಲ್ಲಿ ಇದೆಯೇ ಅನ್ನುವುದೊಂದೇ ಪ್ರಶ್ನೆ. ಇದ್ದರೆ ಕ್ಲೋನ್. ಇಲ್ಲದಿದ್ದರೆ ನಾನು ಕ್ಲೋನ್ ಮಾಡುವುದೇ ಇಲ್ಲ. ಕಾಲೇಜು ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್, ಆಫೀಸ್, ನಾಲ್ಕು ಗೇಮ್ ಇರುತ್ತವೆ. ಜೊತೆಗೆ ಐದು ವರ್ಷದ ಕಸ, ಎರಡೆರಡು ಆಂಟಿವೈರಸ್ಸು. ಅದನ್ನೆಲ್ಲ ಹೊಸ ಮನೆಗೆ ಯಾಕೆ ಹೊರಬೇಕು? 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ತುಂಬಿಸಿಕೊಂಡರೆ ಅರ್ಧ ಗಂಟೆಯ ಕೆಲಸ. ಫೋಟೋ, ಡಾಕ್ಯುಮೆಂಟ್ ಆಮೇಲೆ ಕಾಪಿ ಮಾಡಿದರಾಯಿತು. "ಲೈಸೆನ್ಸ್ ಹೋಗಲ್ವಾ ಸಾರ್?" ಅಂತ ತುಂಬಾ ಜನ ಕೇಳುತ್ತಾರೆ. ವಿಂಡೋಸ್ 10, 11ರ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾಯಿಸಿದರೆ ಹೋಗುವುದಿಲ್ಲ. ಅದೇ ಎಡಿಷನ್ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇದ್ದರೆ ಮಾತ್ರ ಹುಷಾರು. ಹಳೇ ಡಿಸ್ಕ್ ಇನ್ನೂ ನಡೆಯುತ್ತಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿಬಿಡಿ. ಆಮೇಲೆ ಫೋನ್ ಹಿಡಿದು ಕೂರುವ ಕೆಲಸ ತಪ್ಪುತ್ತದೆ.

ಇನ್ನೊಂದು ಮಾತು ಕೇಳುತ್ತಲೇ ಇರುತ್ತೇನೆ: "ಸಿ ಡ್ರೈವ್ ಪೂರ್ತಿ ಸೆಲೆಕ್ಟ್ ಮಾಡಿ ಕಾಪಿ ಪೇಸ್ಟ್ ಮಾಡಿದೆ, ಆನ್ ಆಗ್ತಿಲ್ಲ." ಆಗುವುದಿಲ್ಲ. ಕಂಪ್ಯೂಟರ್ ಆನ್ ಆದಾಗ ನೇರವಾಗಿ ಸಿ ಡ್ರೈವ್‌ಗೆ ಹೋಗುವುದಿಲ್ಲ. ಈಗಿನ ಮೆಷಿನ್‌ಗಳಲ್ಲಿ ಇಎಫ್‌ಐ ಅನ್ನುವ ಪುಟ್ಟ ಪಾರ್ಟಿಷನ್, ಅಂದರೆ ಡಿಸ್ಕಿನ ಬೇರೆಯೇ ಒಂದು ಭಾಗ, ಇರುತ್ತದೆ. ಸಾಮಾನ್ಯವಾಗಿ ಬರೀ 100 ಎಂಬಿ. ನಿಮಗೆ ಕಾಣಿಸುವುದೂ ಇಲ್ಲ. ವಿಂಡೋಸ್ ಯಾವ ಡಿಸ್ಕಿನ ಯಾವ ಭಾಗದಲ್ಲಿದೆ ಎಂಬ ವಿಳಾಸ ಅಲ್ಲಿರುತ್ತದೆ. ಆ ವಿಳಾಸ "ಸಿ" ಅಂತ ಬರೆದಿರುವುದಿಲ್ಲ. ಡಿಸ್ಕಿಗೂ ಪಾರ್ಟಿಷನ್ನಿಗೂ ಇರುವ ಉದ್ದನೆಯ ಗುರುತಿನ ನಂಬರ್ ಅದು. ಫೈಲ್ ಮಾತ್ರ ಕಾಪಿ ಮಾಡಿದರೆ ಸಾಮಾನೆಲ್ಲ ಹೊಸ ಮನೆಗೆ ಬಂತು, ಪೋಸ್ಟ್‌ಮ್ಯಾನ್ ಇನ್ನೂ ಹಳೇ ಮನೆ ಬಾಗಿಲು ತಟ್ಟುತ್ತಿದ್ದಾನೆ ಅಂದ ಹಾಗಾಯಿತು. ಕ್ಲೋನ್ ಮಾಡುವ ಸಾಫ್ಟ್‌ವೇರ್ ಪಾರ್ಟಿಷನ್, ಬೂಟ್, ವಿಳಾಸ ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ.

ಡಿಸ್ಕ್ ಆರೋಗ್ಯವಾಗಿದ್ದರೆ ಕ್ಲೋನ್ ದೊಡ್ಡ ವಿದ್ಯೆಯೇನಲ್ಲ. ನಾನು ಬಳಸುವುದು ಕ್ಲೋನ್‌ಜಿಲ್ಲಾ. ಪುಕ್ಕಟೆ. ನೋಡಲು ಚೆಂದ ಇಲ್ಲ, ನೀಲಿ ಪರದೆ, ಬೂದು ಡಬ್ಬಿ. ಮೌಸ್ ಬೇಕು ಅನ್ನುವವರಿಗೆ ರೆಸ್ಕ್ಯೂಜಿಲ್ಲಾ ಇದೆ. ಮೊದಲು ಎಲ್ಲರೂ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಫ್ರೀ ಎಡಿಷನ್ ಬಳಸುತ್ತಿದ್ದರು. ಅದನ್ನು ಆ ಕಂಪನಿ 2024ರ ಶುರುವಿನಿಂದ ನಿಲ್ಲಿಸಿದೆ. ಎಸ್‌ಎಸ್‌ಡಿ ಮಾಡುವ ಕೆಲವು ಕಂಪನಿಗಳು ತಮ್ಮದೇ ಕ್ಲೋನ್ ಸಾಫ್ಟ್‌ವೇರ್ ಕೊಡುತ್ತವೆ, ಅದೂ ಆಗುತ್ತದೆ.

ಆದರೆ ಅದಕ್ಕೂ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕಿನ ನಾಡಿ ನೋಡುತ್ತೇನೆ. ಅದರ ಪಟ್ಟಿಯಲ್ಲಿ ಮೂರೇ ಸಾಲು ನನಗೆ ಮುಖ್ಯ. 05, ಸಿ5, ಸಿ6. ಕೆಟ್ಟ ಜಾಗ ಬಿಟ್ಟು ಬೇರೆ ಕಡೆಗೆ ಸಾಗಿಸಿದ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ಎಷ್ಟು, ಓದಲಾಗದೆ ಬಾಕಿ ನಿಂತದ್ದೆಷ್ಟು, ಸರಿಮಾಡಲಾಗದ್ದೆಷ್ಟು ಅಂತ. ಮೂರೂ ಸೊನ್ನೆ ಇದ್ದರೆ ನೆಮ್ಮದಿ. ಯಜಮಾನರ ಡಿಸ್ಕಿನಲ್ಲಿ ಸಿ5 ನೂರು ದಾಟಿತ್ತು.

ಅಂಥ ಡಿಸ್ಕಿಗೆ ಮಾಮೂಲಿ ಕ್ಲೋನ್ ಬೇಡ. ಅದು ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ನಿಲ್ಲುತ್ತದೆ, ಇಲ್ಲವೇ ಅಲ್ಲೇ ತಟ್ಟುತ್ತಾ ಕೂರುತ್ತದೆ. ನಾನು ಡಿಸ್ಕನ್ನು ಬಿಚ್ಚಿ ನನ್ನ ಲಿನಕ್ಸ್ ಮೆಷಿನ್‌ಗೆ ಹಾಕಿ ಡಿಡಿರೆಸ್ಕ್ಯೂ ಓಡಿಸಿದೆ. ಇದರ ಬುದ್ಧಿ ನನಗೆ ತುಂಬಾ ಇಷ್ಟ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಕಷ್ಟದ ಜಾಗ ಬಂದರೆ ಜಗಳಕ್ಕೆ ನಿಲ್ಲುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಎಲ್ಲಿ ಹಾರಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಕೊನೆಗೆ ಬಂದು ಬಿಟ್ಟದ್ದನ್ನು ಒಂದೊಂದಾಗಿ ಕೆರೆಯುತ್ತದೆ. ನಡುವೆ ಕರೆಂಟ್ ಹೋದರೂ ಆ ಮ್ಯಾಪ್ ಇದ್ದರೆ ಬಿಟ್ಟಲ್ಲಿಂದ ಶುರು ಮಾಡಬಹುದು. ನಮ್ಮ ಕಡೆ ಜುಲೈನಲ್ಲಿ ಇದು ಸಣ್ಣ ವಿಷಯವಲ್ಲ.

ಮೊದಲ ಸುತ್ತು ಎರಡು ಗಂಟೆ ಹಿಡಿಯಿತು. ಉಳಿದ ಚೂರುಪಾರು ಕೆರೆಯಲು ಇಡೀ ರಾತ್ರಿ. ಬೆಳಗ್ಗೆ ನೋಡಿದರೆ 500 ಜಿಬಿಯಲ್ಲಿ ಒಂದು ಎಂಬಿಯಷ್ಟೂ ಬಾಕಿ ಇರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಡಿಸ್ಕ್ ಬಿಡದೆ ಟಕ್ ಟಕ್ ಅನ್ನುತ್ತಿದ್ದು ಮೆಷಿನ್ ಆನ್ ಆದೊಡನೆ ಮೊದಲು ಏಳುವ ಬಯೋಸ್‌ನಲ್ಲೇ ಕಾಣದಿದ್ದರೆ ಅದು ನಮ್ಮಂಥವರ ಕೈಗೆ ಮೀರಿದ್ದು. ಡೇಟಾ ರಿಕವರಿ ಲ್ಯಾಬ್‌ನವರಿಗೇ ಕೊಡಬೇಕು.

ಎಸ್‌ಎಸ್‌ಡಿ ಕೊಳ್ಳುವಾಗ ಜನ ಎಡವುವ ಜಾಗ ಸೈಜು. ಹಳೇದು 500 ಜಿಬಿ, ಹೊಸದು 480 ಜಿಬಿ. "ಇಪ್ಪತ್ತು ಜಿಬಿ ತಾನೆ" ಅನ್ನುತ್ತಾರೆ. ಡಿಸ್ಕಿಗೆ ಡಿಸ್ಕ್ ಕ್ಲೋನ್ ಮಾಡುವಾಗ ಕ್ಲೋನ್‌ಜಿಲ್ಲಾ ಹೊಸದು ಹಳೆಯದರಷ್ಟೇ ಅಥವಾ ದೊಡ್ಡದು ಇರಬೇಕು ಅನ್ನುತ್ತದೆ. ಚಿಕ್ಕದಕ್ಕೆ ಹಾಕಬೇಕಾದರೆ ಮೊದಲು ಹಳೇ ಪಾರ್ಟಿಷನ್ ಕುಗ್ಗಿಸಬೇಕು. ಆ ಕೆಲಸ ನಡೆಯುವುದು ಹಳೇ ಡಿಸ್ಕಿನ ಮೇಲೆ. ಅಲ್ಲಿ ಕರೆಂಟ್ ಹೋದರೆ ನಿಜವಾಗಿಯೂ ಕಷ್ಟ. ಬರೀ ಕ್ಲೋನ್ ಮಾಡುವಾಗ ಹೋದರೆ ಅಷ್ಟು ಭಯವಿಲ್ಲ. ಹಳೆಯದನ್ನು ಓದುತ್ತೇವೆ ಅಷ್ಟೇ, ಬರೆಯುವುದು ಹೊಸದರ ಮೇಲೆ. ಮತ್ತೆ ಮೊದಲಿನಿಂದ ಮಾಡಿದರಾಯಿತು. ಹಾಗಂತ ಯುಪಿಎಸ್ ಇಲ್ಲದೆ ಕೂರಬೇಡಿ.

ಉಲ್ಟಾ ತೊಂದರೆಯೂ ಇದೆ. 256 ಜಿಬಿಯಿಂದ 1 ಟಿಬಿಗೆ ಕ್ಲೋನ್ ಮಾಡಿದಿರಿ. ಎಲ್ಲ ಸರಿ, ಆದರೆ ಸಿ ಡ್ರೈವ್ ಇನ್ನೂ 237 ಜಿಬಿ ಆಸುಪಾಸಿನಲ್ಲೇ ಇದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಟೆಂಡ್ ಒತ್ತಲು ಹೋದರೆ ಅದು ಮಂಕಾಗಿದೆ, ಒತ್ತಲಾಗುತ್ತಿಲ್ಲ. ನೋಡಿದರೆ ಸಿ ಆದಮೇಲೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿದೆ, ಖಾಲಿ ಜಾಗ ಅದರ ಆಚೆ ಇದೆ. ಪಾರ್ಟಿಷನ್ ಸರಿಸುವ ಸಾಫ್ಟ್‌ವೇರ್ ಜಿಪಾರ್ಟೆಡ್‌ನಲ್ಲಿ ರಿಕವರಿಯನ್ನು ಕೊನೆಗೆ ತಳ್ಳಿದರೆ ಸಿ ಬೆಳೆಯುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ತಂದವರೂ ಇದ್ದಾರೆ.

ಯಜಮಾನರಿಗೆ 500 ಜಿಬಿಯ ಎರಡೂವರೆ ಇಂಚಿನ, ಹಳೇ ಡಿಸ್ಕಿನ ಕೇಬಲ್ಲಿಗೇ ಸಿಗಿಸುವ ಸಾಟಾ ಎಸ್‌ಎಸ್‌ಡಿಯೇ ತರಿಸಿದೆ. ಎನ್‌ವಿಎಂಇ ಇನ್ನೂ ಫಾಸ್ಟ್ ಅಲ್ವಾ ಅಂತ ಅವರ ಮಗ ಕೇಳಿದ. ಅದು ಬೋರ್ಡಿನ ಸ್ಲಾಟಿಗೇ ಕೂರುವ ಎಸ್‌ಎಸ್‌ಡಿ, ಫಾಸ್ಟ್ ಹೌದು. ಆದರೆ ಅವರ ಬೋರ್ಡಿನಲ್ಲಿ ಆ ಸ್ಲಾಟೇ ಇಲ್ಲ, ವಿಂಡೋಸ್ 7ಕ್ಕೆ ಎನ್‌ವಿಎಂಇ ಹುಟ್ಟಿನಿಂದ ಗೊತ್ತೂ ಇಲ್ಲ. ಆ ಹಳೇ ಬೋರ್ಡಿನ ಸಾಟಾ ಪೋರ್ಟ್ ಸೆಕೆಂಡಿಗೆ 300 ಎಂಬಿ ಕೂಡ ಮುಟ್ಟುವುದಿಲ್ಲ. ಆದರೂ ವ್ಯತ್ಯಾಸ ಬೆಟ್ಟದಷ್ಟು. ಹಳೇ ಡಿಸ್ಕಿನಲ್ಲಿ ಒಂದು ಫೈಲ್ ಹುಡುಕಲು ಹೆಡ್ ಓಡಿ ಹೋಗಬೇಕು, ಪ್ರತಿ ಸಲ ಸುಮಾರು 10 ಮಿಲಿಸೆಕೆಂಡ್. ಎಸ್‌ಎಸ್‌ಡಿಯಲ್ಲಿ ಓಡುವುದಕ್ಕೆ ಏನೂ ಇಲ್ಲ. ಹಳೇ ಕಂಪ್ಯೂಟರ್ ಹೊಸದರಂತೆ ಅನ್ನಿಸುವುದು ಇದರಿಂದ. ಪೆಟ್ಟಿಗೆ ಮೇಲಿನ ದೊಡ್ಡ ಸ್ಪೀಡ್ ನಂಬರಿಗೆ ಅದರಲ್ಲಿ ಪಾಲು ಕಡಿಮೆ.

ಈಗಿನ ಲ್ಯಾಪ್‌ಟಾಪ್ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಕೆಲವೊಮ್ಮೆ ನೀಲಿ ಪರದೆ ಬರುತ್ತದೆ, ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ. ಗಾಬರಿ ಬೇಡ. ಹೊಸ ಡಿಸ್ಕಿನ ಡ್ರೈವರ್ ಆನ್ ಆಗುವ ಹೊತ್ತಿಗೆ ಎದ್ದಿಲ್ಲ ಅಷ್ಟೇ. ಒಮ್ಮೆ ಸೇಫ್ ಮೋಡ್‌ನಲ್ಲಿ ಆನ್ ಮಾಡಿ ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಬಗ್ಗೆ ಮಾತ್ರ ಜೋರಾಗಿ ಹೇಳಬೇಕು. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಲಾಕ್ ಆಗಿರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಅದು ತಾನಾಗಿ ಶುರುವಾಗುತ್ತದೆ. ಡಿಸ್ಕ್ ಬಿಚ್ಚುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಆ ಕೀ ಇಲ್ಲದಿದ್ದರೆ ನಾನಲ್ಲ, ಯಾರೂ ಏನೂ ಮಾಡಲು ಆಗುವುದಿಲ್ಲ. ಕೀ ಇರುವ ಮೈಕ್ರೋಸಾಫ್ಟ್ ಅಕೌಂಟಿನ ಈಮೇಲ್ ಯಾವುದು ಅಂತಲೇ ಗೊತ್ತಿಲ್ಲದೆ ಬಂದವರ ಮುಂದೆ ಸುಮ್ನೆ ಕೂತಿದ್ದೇನೆ. ಕ್ಲೋನ್ ಮಾಡುವ ದಿನ ಶಟ್‌ಡೌನ್ ಕೂಡ ಶಿಫ್ಟ್ ಕೀ ಒತ್ತಿಕೊಂಡೇ ಮಾಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ಪಿನಿಂದಾಗಿ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಕ್ಲೋನ್‌ಜಿಲ್ಲಾ ತಕರಾರು ತೆಗೆಯುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಮೇಷ್ಟ್ರ ಡಿಸ್ಕ್ ಕ್ಲೋನ್ ಮಾಡಲು ಕೂತಿದ್ದೆ. ಹಳೇದೂ ಹೊಸದೂ ಒಂದೇ ಕಂಪನಿ, ಒಂದೇ ಸೈಜು. ಪರದೆ ಮೇಲೆ ಎರಡು ಸಾಲು, ಎಸ್‌ಡಿಎ, ಎಸ್‌ಡಿಬಿ. ಮೊದಲನೆಯದು ಹಳೇದು ಅಂದುಕೊಂಡೆ. ಖಚಿತವೇ ಅಂತ ಕೇಳಿತು, ವೈ ಒತ್ತಿದೆ. ಮತ್ತೊಮ್ಮೆ ಕೇಳಿತು, ಮತ್ತೆ ವೈ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದುಬಿಟ್ಟಿದ್ದೆ. ಮಗಳ ಮದುವೆ ಫೋಟೋಗಳು ಅದರಲ್ಲಿದ್ದವು. ರಿಕವರಿ ಸಾಫ್ಟ್‌ವೇರ್ ಓಡಿಸಿ ಸುಮಾರು ಫೋಟೋ ತೆಗೆದೆ. ಎಲ್ಲವೂ ಬರಲಿಲ್ಲ. ಮೇಷ್ಟ್ರು ಬೈಯಲಿಲ್ಲ, ಅದೇ ಇನ್ನೂ ಚುಚ್ಚುತ್ತದೆ.

ಅವತ್ತಿನಿಂದ ಹಳೇ ಡಿಸ್ಕಿಗೆ ಬಿಳಿ ಟೇಪ್ ಅಂಟಿಸಿ ಅದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ದಪ್ಪಗೆ ಬರೆಯುತ್ತೇನೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಪ್ರತಿ ಸಲ ಬದಲಾಗಬಹುದು, ಸೀರಿಯಲ್ ಬದಲಾಗುವುದಿಲ್ಲ. ಪರದೆ ಮೇಲೆ ಅದೇ ನಾಲ್ಕು ಅಕ್ಷರ ಕಾಣುವವರೆಗೆ ಎಂಟರ್ ಒತ್ತುವುದಿಲ್ಲ. ಆ ಹೊತ್ತಿಗೆ ಅಂಗಡಿಗೆ ಬಂದವರಿಗೆ "ಎರಡು ನಿಮಿಷ ಕೂತ್ಕೊಳ್ಳಿ" ಅನ್ನುತ್ತೇನೆ, ತಲೆ ಎತ್ತದೆ.

ಕ್ಲೋನ್ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕ್ ಹೊರಗಿರಲಿ. ಎರಡಕ್ಕೂ ಈಗ ಒಂದೇ ಗುರುತಿನ ನಂಬರ್. ಒಟ್ಟಿಗೆ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ನೀವು ಹೊಸದು ಅಂದುಕೊಂಡು ಹಳೆಯದರಿಂದಲೇ ಆನ್ ಆಗಿರುತ್ತೀರಿ.

ಯಜಮಾನರ ಮೆಷಿನ್ ಇಪ್ಪತ್ತು ಸೆಕೆಂಡಿನಲ್ಲಿ ಡೆಸ್ಕ್‌ಟಾಪ್‌ಗೆ ಬಂತು. ಪೇಜ್‌ಮೇಕರ್ ತೆರೆಯಿತು, ನುಡಿ ಬಂತು, ಪ್ರಿಂಟರ್ ಟೆಸ್ಟ್ ಪೇಜ್ ಉಗುಳಿತು. ಇಂಟರ್ನೆಟ್ ಕೇಬಲ್ ಮಾತ್ರ ತೆಗೆಸಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಸಪೋರ್ಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಆ ಮೆಷಿನ್ ಪ್ರೆಸ್ ಕೆಲಸಕ್ಕಷ್ಟೇ ಇರಲಿ, ವಾಟ್ಸಾಪು, ಈಮೇಲು ಬೇರೆ ಕಡೆ ನೋಡಿಕೊಳ್ಳಿ ಅಂದೆ.

ಓದಲಾಗದೆ ಉಳಿದ ಸೆಕ್ಟರ್‌ಗಳು ಯಾವ ಫೈಲಿನವು ಅಂತ ಹುಡುಕಿದೆವು. ಒಂದೇ ಒಂದು ಫೈಲ್, 2014ರ ಒಂದು ಲಗ್ನಪತ್ರಿಕೆ. ತೆರೆಯಲೇ ಇಲ್ಲ. ಯಜಮಾನರು ಫೈಲಿನ ಹೆಸರು ಓದಿ ನಕ್ಕರು. "ಅವ್ರ ಮಗ ಈಗ ಶಾಲೆಗೆ ಹೋಗ್ತಾ ಇದಾನೆ. ಇನ್ನೊಂದ್ಸಲ ಪ್ರಿಂಟ್ ಹಾಕ್ಸಲ್ಲ ಬಿಡು."

ಹಳೇ ಡಿಸ್ಕನ್ನು ಗುಜರಿಗೆ ಹಾಕುತ್ತೇನೆ ಅಂದರು. ಒಂದು ತಿಂಗಳು ಬೇಡ ಅಂದೆ. ಏನು ಬಿಟ್ಟುಹೋಗಿದೆ ಅಂತ ಗೊತ್ತಾಗುವುದು ಕೆಲಸ ಶುರುವಾದ ಮೇಲೆಯೇ. ಗುಜರಿಗೆ ಹೋಗುವ ಮುಂಚೆ ಅದನ್ನು ಪೂರ್ತಿ ಅಳಿಸಬೇಕು ಕೂಡ, ಊರಿನವರ ಹೆಸರು, ಫೋನ್ ನಂಬರ್ ಎಲ್ಲ ಅದರಲ್ಲಿವೆ. ಬಿಳಿ ಟೇಪ್ ಸಮೇತ ಅದು ಈಗ ನನ್ನ ಡ್ರಾಯರಿನಲ್ಲಿದೆ. ತಿಂಗಳು ಕಳೆದು ಎಷ್ಟೋ ದಿನವಾಯಿತು, ಅವರು ಕೇಳಿಕೊಂಡು ಬಂದಿಲ್ಲ.