ಹವಳದ ದ್ವೀಪದ ಮನೆ: ಮೊದಲು ಸೂರು, ಆಮೇಲೆ ಗೋಡೆ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗುಗಳಲ್ಲಿ) ತರಕಾರಿ, ದಿನಸಿಯ ಜೊತೆಗೆ ಜಲ್ಲಿ, ಮರಳು, ಸಿಮೆಂಟ್, ಕಬ್ಬಿಣದ ಸರಳುಗಳೂ ಹೋಗುತ್ತವೆ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಡಳಿತದ ನಂಟು ಕಡಿದರೂ ಸರಕಿನ ನಂಟು ಉಳಿದಿದೆ. ಮಳೆಗಾಲದಲ್ಲಿ ಮಂಜಿಗಳ ಸಂಚಾರ ನಿಲ್ಲುವುದರಿಂದ ಮನೆ ಕಟ್ಟುವವರ ಕೆಲಸವೂ ಆ ತಿಂಗಳುಗಳಲ್ಲಿ ಕುಂಟುತ್ತದೆ.

ಜಲ್ಲಿಯನ್ನೂ ಕಡಲು ದಾಟಿಸಬೇಕಾದ ಕಾರಣ ಅಲ್ಲಿನ ನೆಲದಲ್ಲೇ ಇದೆ. ಕಗ್ಗಲ್ಲಿಲ್ಲ, ಇಟ್ಟಿಗೆ ಸುಡಲು ಜೇಡಿಮಣ್ಣಿಲ್ಲ, ಹೊಳೆಯಿಲ್ಲದ ಮೇಲೆ ಹೊಳೆಮರಳೂ ಇಲ್ಲ. ಹವಳದ ಚೂರು ಮತ್ತು ಅದರ ಪುಡಿಯೇ ನೆಲ. ಬಹುಪಾಲು ಜಾಗ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ. ಹಿಂದಿನವರು ಹವಳದ ಕಲ್ಲಿನಿಂದ ಗೋಡೆ ಕಟ್ಟಿ, ಅದನ್ನೇ ಸುಟ್ಟು ಸುಣ್ಣ ಮಾಡಿ, ಮೇಲೆ ತೆಂಗಿನ ಮಡಲು ಹೊದಿಸುತ್ತಿದ್ದರು. ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹವಳ ಕೀಳುವಂತಿಲ್ಲ. ಈ ನಿಷೇಧ ಸರಿಯಾದದ್ದೇ. ಅಲೆಗಳ ಬಲ ದಡ ಮುಟ್ಟುವ ಮೊದಲೇ ಮುರಿಯುವುದು ಹವಳದ ದಿಬ್ಬದ ಮೇಲೆ. ಅದನ್ನು ಕಿತ್ತು ಕಟ್ಟಿದ ಮನೆಗೆ ಮುಂದೆ ರಕ್ಷಣೆಯೇ ಇರುವುದಿಲ್ಲ.

ಮನೆಯ ಯೋಚನೆ ಸಾಮಾನ್ಯವಾಗಿ ಗೋಡೆಯಿಂದ ಶುರುವಾಗುತ್ತದೆ, ಇಟ್ಟಿಗೆಯೋ ಬ್ಲಾಕೋ ಎಂದು. ಹವಳದ ದ್ವೀಪದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಸೂರು ಎಂಬುದು ನನ್ನ ದೃಢ ಅಭಿಪ್ರಾಯ. ಕುಡಿಯುವ ನೀರನ್ನು ಕೊಡಬೇಕಾದದ್ದು ಅದೇ. ಮರಳಿನಲ್ಲಿ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಎರಡರ ಸಾಂದ್ರತೆಯ ವ್ಯತ್ಯಾಸ ಶೇಕಡಾ 2.5ರಷ್ಟು ಮಾತ್ರ. ಪಂಪಿನಿಂದ ಜೋರಾಗಿ ಎಳೆದರೆ ಉಪ್ಪುನೀರು ಬಾವಿಯ ತಳಕ್ಕೇ ಏರಿಬರುತ್ತದೆ. 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಸ್ಥಾಪಿಸಬೇಕಾಗಿ ಬಂದದ್ದು ಈ ಕೊರತೆಯಿಂದಲೇ.

ಸೂರಿನ ಲೆಕ್ಕ ನೋಡಿ. ವರ್ಷಕ್ಕೆ ಅಂದಾಜು 1,500 ಮಿಲಿಮೀಟರ್ ಮಳೆ ಬೀಳುವಲ್ಲಿ 60 ಚದರ ಮೀಟರಿನ ಮಾಡಿನ ಮೇಲೆ 90,000 ಲೀಟರ್ ನೀರು ಸುರಿಯುತ್ತದೆ. ಜನವರಿಯಿಂದ ಮೇವರೆಗೆ ಐದು ಮಂದಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ತಲಾ 10 ಲೀಟರ್ ಎಂದರೂ ಸುಮಾರು 7,500 ಲೀಟರ್ ಸಾಕು. 10,000 ಲೀಟರಿನ ಟ್ಯಾಂಕಿಯೊಂದಿದ್ದರೆ ಬೇಸಿಗೆ ಕಳೆಯುತ್ತದೆ. ಮಡಲಿನ ಮಾಡು ತಂಪು, ಅದರಲ್ಲಿ ಸಂಶಯವಿಲ್ಲ. ಆದರೆ ಅದರಿಂದ ಇಳಿಯುವ ನೀರು ಕಂದುಬಣ್ಣದ್ದು, ಕುಡಿಯಲು ಬಾರದು. ಹೀಗಾಗಿ ಹೆಂಚು ಅಥವಾ ಅಲ್ಯೂಮಿನಿಯಂ ಶೀಟು ಹೊದಿಸಿ, ಒಳಗೆ ಮರದ ಮುಚ್ಚಿಗೆ ಮಾಡಿ ನಡುವೆ ಗಾಳಿಯಾಡಲು ಜಾಗ ಬಿಡುವುದು ಮೇಲು.

ಇನ್ನು ಬಿರುಗಾಳಿ. 2017ರ ಒಖಿ, 2021ರ ತೌಕ್ತೆ ಚಂಡಮಾರುತಗಳು ಲಕ್ಷದ್ವೀಪವನ್ನು ಕಾಡಿದವು. ಗಂಟೆಗೆ 144 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 98 ಕಿಲೋ ತೂಕಕ್ಕೆ ಸಮ. ಮಾಡಿನ ಅಂಚು, ಮೂಲೆಗಳಲ್ಲಿ ಅದು ಸೂರನ್ನು ಇನ್ನೂ ಜೋರಾಗಿ ಮೇಲಕ್ಕೆ ಸೆಳೆಯುತ್ತದೆ. ಹೆಂಚಿನ ತೂಕ ಅದರ ಅರ್ಧದಷ್ಟಿದ್ದರೆ ಹೆಚ್ಚು, ಶೀಟಿನದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಮಾಡನ್ನು ಉಳಿಸುವುದು ತೂಕವಲ್ಲ, ಕಟ್ಟು. ಶೀಟಿನಿಂದ ಅದರ ಕೆಳಗಿನ ಅಡ್ಡಪಟ್ಟಿಯಾದ ರೀಪಿಗೆ, ರೀಪಿನಿಂದ ಅದನ್ನು ಹೊತ್ತ ಇಳಿಜಾರು ತೊಲೆಯಾದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಯ ಮೇಲಿನ ಪಟ್ಟಿಗೆ, ಅಲ್ಲಿಂದ ಅಡಿಪಾಯದವರೆಗೆ ಹಿಡಿತ ಎಲ್ಲೂ ತಪ್ಪಬಾರದು. ಮೊಳೆ ಸಾಲದು, ತುಕ್ಕು ಹಿಡಿಯದ ಸ್ಕ್ರೂ, ಲೋಹದ ಪಟ್ಟಿ ಬೇಕು. ನಾಲ್ಕೂ ಕಡೆ ಇಳಿಜಾರಿರುವ ಮಾಡು ಎರಡು ಇಳಿಜಾರಿನದಕ್ಕಿಂತ ಗಾಳಿಯನ್ನು ಚೆನ್ನಾಗಿ ತಾಳುತ್ತದೆ. ಜಗಲಿಯ ಮಾಡು ಪ್ರತ್ಯೇಕವಾಗಿರಲಿ, ಅದು ಹಾರಿಹೋದರೂ ಮುಖ್ಯ ಮಾಡು ಉಳಿಯಲಿ.

ಹಾಗಾದರೆ ಕಾಂಕ್ರೀಟಿನ ತಾರಸಿಯೇ ಆಗಬಹುದಲ್ಲ, ಗಾಳಿಗೆ ಹಾರುವುದಿಲ್ಲ, ಮಳೆನೀರೂ ಸಿಗುತ್ತದೆ ಎಂದು ಕೇಳಬಹುದು. ಅದನ್ನು ಕೆಡಿಸುವುದು ಉಪ್ಪು. ಒಳ್ಳೆಯ ಕಾಂಕ್ರೀಟು ಪ್ರಬಲ ಕ್ಷಾರ. ಆ ಕ್ಷಾರದಲ್ಲಿ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಬೆಳೆದು ತುಕ್ಕನ್ನು ತಡೆಯುತ್ತದೆ. ಕಡಲಗಾಳಿಯ ಕ್ಲೋರೈಡ್ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಈ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಕಲಸುವಾಗಲೇ ಬಾವಿಯ ಸವುಳು ನೀರನ್ನೋ ತೊಳೆಯದ ಕಡಲಮರಳನ್ನೋ ಬಳಸಿದರೆ ಅಷ್ಟು ಕಾಯಬೇಕಾಗಿಯೂ ಇಲ್ಲ. ತುಕ್ಕಿಗೆ ಮೂಲ ಕಬ್ಬಿಣದ ಎರಡರಷ್ಟಕ್ಕೂ ಮೀರಿದ ಜಾಗ ಬೇಕು, ಹೀಗಾಗಿ ಅದು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಿಟಕಿಯ ಮೇಲೆ ಚಾಚಿದ ಸಜ್ಜೆಯ ಅಡಿಭಾಗವನ್ನು ನೋಡಿದರೆ ಇದರ ಕ್ರಮ ಕಾಣುತ್ತದೆ: ಮೊದಲು ಕಂದು ಕಲೆ, ಆಮೇಲೆ ಸರಳು ಹೋದ ಜಾಡಿನಲ್ಲೇ ನೇರವಾದ ಬಿರುಕು, ಕೊನೆಗೆ ಗಾರೆ ಚಕ್ಕೆಚಕ್ಕೆಯಾಗಿ ಉದುರಿ ಹೊರಗಿಣುಕುವ, ಪದರುಪದರಾಗಿ ಎದ್ದ ಸರಳು. ಮೇಲೆ ಹೊಸ ಗಿಲಾವು ಬಳಿದರೂ ಕ್ಲೋರೈಡ್ ಒಳಗೇ ಉಳಿದಿರುತ್ತದೆ.

ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಒಳನಾಡಿನಲ್ಲಿ ಸರಳಿನ ಮೇಲೆ 20 ಮಿಲಿಮೀಟರ್ ಕಾಂಕ್ರೀಟು ಸಾಕಾದರೆ, ಕರಾವಳಿಯಲ್ಲಿ 45, ಕಡಲ ತುಂತುರು ಬಡಿಯುವಲ್ಲಿ 50 ಬೇಕು. ತಾರಸಿಗೆ ಇದನ್ನು ಪಾಲಿಸಿದರೆ ಅದರ ದಪ್ಪ ಹೆಚ್ಚುತ್ತದೆ, ಹಡಗಿನಲ್ಲಿ ಬರುವ ಜಲ್ಲಿ, ಸಿಮೆಂಟೂ ಹೆಚ್ಚುತ್ತವೆ. ಪಾಲಿಸದಿದ್ದರೆ ಸಾಲ ತೀರುವ ಮೊದಲೇ ತಾರಸಿ ಉದುರಲು ತೊಡಗಬಹುದು.

ಹಾಗಾಗಿ ನಾನು ಸೂಚಿಸುವುದು ಕಬ್ಬಿಣವನ್ನು ಆದಷ್ಟು ಕಡಿಮೆ ಮಾಡಿದ ಮನೆ. ಗಟ್ಟಿ ಕಾಂಕ್ರೀಟ್ ಬ್ಲಾಕಿನ ಗೋಡೆ; ತಳದಲ್ಲೂ ಕಿಟಕಿಯ ಮೇಲ್ಮಟ್ಟದಲ್ಲೂ ಸುತ್ತ ಹಾಯುವ ಪಟ್ಟಿಗಳಲ್ಲಿ ಮತ್ತು ಮೂಲೆಗಳಲ್ಲಿ ಮಾತ್ರ ಸರಳು, ಅದಕ್ಕೆ ಕವರ್ ಬ್ಲಾಕ್ (ಸರಳನ್ನು ಅಚ್ಚಿನಿಂದ ದೂರವಿಡುವ ಪುಟ್ಟ ತುಂಡು) ಇಟ್ಟು ಪೂರ್ತಿ ಹೊದಿಕೆ; ಊದುಕುಲುಮೆಯ ಕಿಟ್ಟ (ಸ್ಲ್ಯಾಗ್) ಬೆರೆಸಿದ ಸಿಮೆಂಟ್, ಏಕೆಂದರೆ ಅದರಲ್ಲಿ ಕ್ಲೋರೈಡ್ ನಿಧಾನವಾಗಿ ಇಳಿಯುತ್ತದೆ; ಮೇಲೆ ಬಿಗಿಯಾಗಿ ಕಟ್ಟಿದ ಹಗುರವಾದ ಮಾಡು.

ಶೌಚಾಲಯದ ವಿಷಯದಲ್ಲಿ ರಿಯಾಯಿತಿ ಬೇಡ. ಹವಳದ ಮರಳಿನಲ್ಲಿ ಇಂಗುಗುಂಡಿ ತೋಡಿದರೆ ಹೊಲಸು ಸೋಸುವ ಮೊದಲೇ ಪಕ್ಕದ ಮನೆಯ ಬಾವಿಗೆ ತಲುಪುತ್ತದೆ; ಆ ಸಿಹಿನೀರಿನ ಪದರ ಎಲ್ಲರಿಗೂ ಸೇರಿದ್ದು. ಸೋರದ ಟ್ಯಾಂಕಿಗೋ ಜೈವಿಕ ಶೌಚಾಲಯಕ್ಕೋ ತಗಲುವ ಹಣವನ್ನು ಅಡಿಪಾಯದ ಅಂದಾಜಿನಲ್ಲೇ ಸೇರಿಸಿಬಿಡಬೇಕು.