ಹೇತ್ವಾಭಾಸ: ಕಾರಣದ ವೇಷ ಹಾಕಿದ ಮಾತು

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಅಂತ ಜಂಬ ಪಡುತ್ತಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಕೋಳಿ ಕೂಗಿದ್ದು ನಿಜ. ಆಮೇಲೆ ಬೆಳಗಾದದ್ದೂ ನಿಜ. ನಡುವೆ ಅಜ್ಜಿ ಸೇರಿಸಿದ 'ಅದಕ್ಕೇ' ಮಾತ್ರ ಸುಳ್ಳು. ಆ 'ಅದಕ್ಕೇ'ಯಲ್ಲಿರುವ ತಪ್ಪಿಗೆ ಒಂದು ಹೆಸರಿದೆ, ಹೇತ್ವಾಭಾಸ.

ಪದ ಬಿಡಿಸಿದರೆ ಹೇತು + ಆಭಾಸ. ಮನು + ಅಂತರ ಸೇರಿ ಮನ್ವಂತರ ಆದ ಹಾಗೆ ಇಲ್ಲೂ ಯಣ್ ಸಂಧಿ. 'ತ್ವಾ' ದೀರ್ಘ. 'ಹೇತ್ವಭಾಸ' ಅಂತ ಬರೆಯುವುದು ತಪ್ಪು.

ಹೇತು ಅಂದರೆ ಕಾರಣ, ವಾದಕ್ಕೆ ನಾವು ಕೊಡುವ ಆಧಾರ. ತೊಡಕಿರುವುದು ಆಭಾಸದಲ್ಲಿ. "ಸಭೆಯಲ್ಲಿ ಆಭಾಸ ಆಯ್ತು" ಅನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಮುಜುಗರ, ಎಡವಟ್ಟು. ಮೂಲದ ಅರ್ಥ ಬೇರೆ. ಇಲ್ಲದ್ದು ಇದ್ದಂತೆ ತೋರುವುದೇ ಆಭಾಸ. ವಿರೋಧಾಭಾಸ ಅನ್ನುವ ಅಲಂಕಾರದಲ್ಲಿ ಇದು ಹಾಗೇ ಉಳಿದಿದೆ. ಮೇಲ್ನೋಟಕ್ಕೆ ವಿರೋಧ, ಒಳಗೆ ವಿರೋಧವಿಲ್ಲ. ಹಾಗೆಯೇ ಹೇತ್ವಾಭಾಸ ಅಂದರೆ ಕಾರಣದಂತೆ ಕಾಣುವ, ಆದರೆ ಕಾರಣವಲ್ಲದ ಮಾತು.

ಇದು ನ್ಯಾಯದರ್ಶನದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ ಪದ. ಗೌತಮನ ನ್ಯಾಯಸೂತ್ರದಲ್ಲಿ ಐದು ಬಗೆಯ ಹೇತ್ವಾಭಾಸಗಳಿವೆ. ಎಷ್ಟೋ ಕಾಲದ ನಂತರ ಅನ್ನಂಭಟ್ಟ ಹೊಸಬರಿಗಾಗಿ ಬರೆದ ತರ್ಕಸಂಗ್ರಹದಲ್ಲೂ ಐದೇ, ಕೆಲವು ಹೆಸರು ಮಾತ್ರ ಬೇರೆ. ಹೆಸರು ಕೇಳಿದರೆ ಹೆದರಿಕೆಯಾಗುತ್ತದೆ, ಅಲ್ವಾ? ಆದರೆ ವಿಷಯ ನಮ್ಮ ಗಾದೆಗಳಲ್ಲೇ ಇದೆ.

'ಬೆಳ್ಳಗಿರುವುದೆಲ್ಲ ಹಾಲಲ್ಲ' ಅನ್ನುತ್ತೇವೆ. "ಇದು ಹಾಲು, ಯಾಕೆಂದರೆ ಬೆಳ್ಳಗಿದೆ" ಅಂದವನಿಗೆ ಕೊಡುವ ಉತ್ತರ ಅದು. ಬಿಳುಪು ಹಾಲಿನಲ್ಲೂ ಇದೆ, ಸುಣ್ಣದ ನೀರಿನಲ್ಲೂ ಇದೆ. ಕಾರಣಕ್ಕೆ ಒಂದು ಕಡೆ ನಿಲ್ಲುವ ಬುದ್ಧಿಯಿಲ್ಲ, ಕಂಡಲ್ಲೆಲ್ಲ ಅಲೆಯುತ್ತದೆ. ತರ್ಕದವರು ಇದನ್ನು ಸವ್ಯಭಿಚಾರ ಎಂದರು. ನನಗೆ ತುಂಬ ಇಷ್ಟವಾದ ಹೆಸರು ಇದು.

'ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ' ಅನ್ನುವುದು ಇನ್ನೊಂದು. ಎತ್ತು ಈಯುವುದುಂಟೇ ಅಂತ ಕೇಳದೆ ಮುಂದಿನ ಕೆಲಸ ಶುರು. ಬುಡವೇ ಇಲ್ಲದ ಇಂಥ ವಾದ ಅಸಿದ್ಧ. ತರ್ಕಸಂಗ್ರಹದ ಉದಾಹರಣೆ ಇನ್ನೂ ಚೆಂದ: "ಆಕಾಶದ ತಾವರೆಗೆ ಪರಿಮಳವಿದೆ, ಯಾಕೆಂದರೆ ಅದು ತಾವರೆ." ಕೆರೆಯ ತಾವರೆಗೆ ಪರಿಮಳ ಇದ್ದೀತು. ಆಕಾಶದಲ್ಲಿ ತಾವರೆ ಎಲ್ಲಿದೆ?

ಉಳಿದ ಮೂರನ್ನು ಬೇಗ ಮುಗಿಸಬಹುದು. ಕೊಟ್ಟ ಕಾರಣ ನಮ್ಮ ಮಾತಿಗೇ ತಿರುಗಿ ಬಿದ್ದರೆ ವಿರುದ್ಧ. ಅಷ್ಟೇ ತೂಕದ ಎದುರು ಕಾರಣ ಸಿಕ್ಕರೆ ಸತ್ಪ್ರತಿಪಕ್ಷ. "ಬೆಂಕಿ ತಣ್ಣಗಿದೆ, ಯಾಕೆಂದರೆ ಅದೊಂದು ದ್ರವ್ಯ" ಎಂಬಂಥದ್ದು ಬಾಧಿತ. ಇದಕ್ಕೆ ವಾದವೇ ಬೇಡ, ಮುಟ್ಟಿ ನೋಡಿದರೆ ಸಾಕು.

ಬಳಕೆಯಲ್ಲಿ ಇದರ ಅಕ್ಕಪಕ್ಕದ ಪದಗಳೂ ಇವೆ. ಕುತರ್ಕ ಅಂದರೆ ಅದರಲ್ಲಿ ಬೈಗುಳದ ವಾಸನೆ ಇರುತ್ತದೆ, ಬೇಕಂತಲೇ ವಕ್ರವಾಗಿ ವಾದಿಸಿದ ಅನ್ನುವ ಆರೋಪವಿರುತ್ತದೆ. ಹೇತ್ವಾಭಾಸದಲ್ಲಿ ಆ ಆರೋಪವಿಲ್ಲ. ಒಳ್ಳೆಯ ಮನಸ್ಸಿನಿಂದ ಮಾತಾಡುವವನೂ ಅದರಲ್ಲಿ ಸಿಕ್ಕಿಬೀಳಬಹುದು. ವಿತಂಡವಾದವನ್ನು ನಾವು ಸುಮ್ನೆ ಹಟದ ಜಗಳಕ್ಕೆ ಬಳಸುತ್ತೇವೆ. ನ್ಯಾಯಸೂತ್ರದಲ್ಲಿ ಮಾತ್ರ, ತನ್ನದೊಂದು ನಿಲುವನ್ನು ಸ್ಥಾಪಿಸದೆ ಎದುರಾಳಿಯ ನಿಲುವನ್ನು ಕೆಡವುವುದಷ್ಟೇ ವಿತಂಡ. ಇನ್ನು ಈಚೆಗೆ ಇಂಗ್ಲಿಷಿನ 'ಫ್ಯಾಲಸಿ'ಗೂ ಹೇತ್ವಾಭಾಸ ಅಂತಲೇ ಬರೆಯುವುದುಂಟು. ವಾದ ಬಿಟ್ಟು ವಾದಿಸುವವನ ಮೇಲೆ ಹರಿಹಾಯುವ ಚಾಳಿಯನ್ನೂ ಇದರೊಳಗೆ ತುರುಕುತ್ತಾರೆ. ಅಲ್ಲಿ ಕೆಟ್ಟಿರುವುದು ಹೇತು ಒಂದೇ ಅಲ್ಲ, ಮಾತಿನ ವಿಷಯವೇ ಬದಲಾಗಿದೆ. ಅಂಥದ್ದಕ್ಕೆ ತರ್ಕದೋಷ ಅನ್ನುವ ಅಗಲದ ಪದವೇ ಸರಿ ಅಂತ ನನಗನಿಸುತ್ತದೆ.

ಪದವನ್ನು ವಾಕ್ಯದಲ್ಲಿ ಬಳಸುವುದು ಕಷ್ಟವಲ್ಲ. "ನಿಮ್ಮ ವಾದದಲ್ಲಿ ಹೇತ್ವಾಭಾಸವಿದೆ" ಅಂದರೆ ಸಾಕು. ಆದರೆ ಹಾಗಂದ ಮಾತ್ರಕ್ಕೆ ಎದುರಿನವರು ಹೇಳಿದ್ದೇ ಸುಳ್ಳು ಅಂತ ಸಾಬೀತಾಗುವುದಿಲ್ಲ. ಕೆಟ್ಟ ಕಾರಣ ಕೊಟ್ಟೂ ನಿಜ ಹೇಳಬಹುದು. ನಾಳೆ ಬೆಳಗಾಗುತ್ತದೆ ಅನ್ನುವುದರಲ್ಲಿ ಅಜ್ಜಿ ತಪ್ಪಿರಲಿಲ್ಲ.